ನೆತ್ತಿಗೇರಿದ ಶೇಂಗಾ

ನಾನು ಮಕ್ಕಳ ಶ್ವಾಸಕೋಶದ ವೈದ್ಯೆ ಎಂದು ತಿಳಿದವರು, ಅದನ್ನು ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ಹೈದರಾಬಾದಿನಲ್ಲಿ ಎಂದು ಹೇಳಿ ಸುಮ್ಮನಾಗುತ್ತೇನೆ. ಅದು ಸುಳ್ಳಲ್ಲ. ಆದರೆ ಆ ಕಲಿಕೆ ಶುರುವಾದದ್ದು ಅಫಜಲಪುರದಲ್ಲಿ, ಹತ್ತು ಮಂಚಗಳ ಒಂದು ವಾರ್ಡಿನಲ್ಲಿ, ನಾನು ಮಾಡಿದ ಒಂದು ತಪ್ಪಿನಿಂದ. ಆ ತಪ್ಪಿನಿಂದ ಜೀವವನ್ನೇ ಕಳೆದುಕೊಳ್ಳಬಹುದಾಗಿದ್ದ ಹುಡುಗಿಯ ತಾಯಿಯೇ ನನ್ನನ್ನು ಹೈದರಾಬಾದಿನ ರೈಲು ಹತ್ತಿಸಿದವಳು. ಇದನ್ನು ಅಲ್ಲಲ್ಲಿ ತುಣುಕಾಗಿ ಹೇಳಿದ್ದೇನೆ. ಪೂರ್ತಿಯಾಗಿ ಬರೆಯುತ್ತಿರುವುದು ಇದೇ ಮೊದಲು.

ಎಂಬತ್ತರ ದಶಕದ ನಡುವಿನ ವರ್ಷಗಳು. ನನ್ನ ತವರು ನರೋಣಾ, ಕೊಟ್ಟ ಮನೆ ಆಳಂದ. ಗುಲ್ಬರ್ಗಾದಲ್ಲಿ ಎಂಬಿಬಿಎಸ್ ಮುಗಿಸಿ, ಮದುವೆಯಾಗಿ, ಮಕ್ಕಳ ರೋಗಗಳ ಡಿಪ್ಲೊಮಾ ಮಾಡಿಕೊಂಡಾಗ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಸರಕಾರಿ ನೌಕರಿ ಸಿಕ್ಕಿದ್ದು ಅಫಜಲಪುರದ ತಾಲೂಕು ಆಸ್ಪತ್ರೆಯಲ್ಲಿ. ಗಂಡ ಆಳಂದದ ಕಾಲೇಜಿನಲ್ಲಿ ಲೆಕ್ಚರರ್. ಅವರು ಅಲ್ಲಿಯೇ ಉಳಿದರು. ನನ್ನ ಅತ್ತೆ ಮಾತ್ರ ತಮ್ಮ ಎರಡು ಸೀರೆ, ಪೂಜೆಯ ಸಾಮಾನು, ಮೊಮ್ಮಗಳ ತೊಟ್ಟಿಲು ಹಿಡಿದುಕೊಂಡು ನನ್ನ ಜೊತೆ ಅಫಜಲಪುರದ ಕ್ವಾರ್ಟರ್ಸಿಗೆ ಬಂದರು. ಹೀಗೆ ಬನ್ನಿ ಎಂದು ನಾನು ಕೇಳಿರಲಿಲ್ಲ. ಬಸ್ಸು ಹೊರಡುವ ಬೆಳಿಗ್ಗೆ ನೋಡಿದರೆ ಅವರ ಗಂಟು ನನ್ನ ಟ್ರಂಕಿನ ಪಕ್ಕದಲ್ಲಿತ್ತು.

ಡಿಪ್ಲೊಮಾ ಕೈಯಲ್ಲಿದ್ದ ಆ ದಿನಗಳಲ್ಲಿ ನನಗೆ ನನ್ನ ಓದಿನ ಬಗ್ಗೆ ಒಳ್ಳೆಯ ಅಭಿಮಾನವಿತ್ತು. ಅದನ್ನು ಮೊದಲು ಸ್ವಲ್ಪ ಅಲುಗಾಡಿಸಿದವರು ವಾರ್ಡಿನ ಹಿರಿಯ ಸಿಸ್ಟರ್. ಐವತ್ತು ದಾಟಿದ್ದ ಅವರು ವಿಜಾಪುರ ಕಡೆಯವರು, ಆ ಆಸ್ಪತ್ರೆಯಲ್ಲಿ ಎಷ್ಟೋ ಡಾಕ್ಟರರು ಬಂದು ಹೋಗುವುದನ್ನು ನೋಡಿದ್ದವರು. ಚಳಿಗಾಲ ಶುರುವಾಗಿ ನ್ಯುಮೋನಿಯಾದ ಕೂಸುಗಳು ಬರತೊಡಗಿದಾಗ ನಾನು ಒಳಗೆ ಬಂದವಳೇ ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಕೂಸು ಹೆದರಿ ಅಳುತ್ತಿತ್ತು, ಅಳುವಿನಲ್ಲಿ ನನಗೆ ಏನೂ ಕೇಳಿಸುತ್ತಿರಲಿಲ್ಲ. ನಾಲ್ಕು ದಿನ ನೋಡಿದ ಸಿಸ್ಟರ್ ಐದನೆಯ ದಿನ ಯಾರಿಗೂ ಕೇಳಿಸದಂತೆ ಹತ್ತಿರ ಬಂದು ಹೇಳಿದರು.

"ಡಾಕ್ಟರಬಾಯಿ, ಮೊದಲ ಅಂಗಿ ಎತ್ತಿ ನೋಡ್ರಿ. ಮಷೀನು ಆಮ್ಯಾಲ ಹಚ್ಚರಿ. ಕೂಸು ತಾಯಿ ಉಡಿಯಾಗ ಸುಮ್ನ ಇದ್ದಾಗ ಅದರ ಎದಿ ತಾನೇ ಹೇಳ್ತದ."

ಅವರು ತೋರಿಸಿಕೊಟ್ಟರು. ತಾಯಿಯ ತೊಡೆಯ ಮೇಲೆ ಮಲಗಿದ ಕೂಸಿನ ಅಂಗಿಯನ್ನು ಮೆಲ್ಲಗೆ ಮೇಲೆತ್ತಿ, ತಮ್ಮ ಗಡಿಯಾರದ ಮುಳ್ಳು ಒಂದು ಸುತ್ತು ಪೂರ್ತಿ ತಿರುಗುವವರೆಗೆ ಹೊಟ್ಟೆ ಏರಿಳಿಯುವುದನ್ನು ಎಣಿಸಿದರು. ಪಕ್ಕೆಲುಬುಗಳ ಕೆಳಗೆ ಚರ್ಮ ಒಳಕ್ಕೆ ಎಳೆದುಕೊಳ್ಳುವುದನ್ನು ಬೆರಳಿನಿಂದ ತೋರಿಸಿದರು. ಪುಸ್ತಕದಲ್ಲಿ ಇದನ್ನೆಲ್ಲ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣಿನಿಂದ ನೋಡಿದ್ದು ಅವತ್ತೇ. ಆ ಚಳಿಗಾಲದಲ್ಲಿ ಬದುಕಿದ ಕೂಸುಗಳಲ್ಲಿ ಹಲವು ಬದುಕಿದ್ದು ನನ್ನ ಡಿಪ್ಲೊಮಾದಿಂದಲ್ಲ, ಆ ಸಿಸ್ಟರ್ ಸಮಯಕ್ಕೆ ಸರಿಯಾಗಿ ನನ್ನನ್ನು ಕರೆಯುತ್ತಿದ್ದುದರಿಂದ.

ಇಷ್ಟು ಕಲಿತ ಮೇಲೂ ನಾನು ತಪ್ಪಿದೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಘತ್ತರಗಿಯಿಂದ ಒಬ್ಬ ಹೆಣ್ಣುಮಗಳು ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಹೆಚ್ಚುಕಡಿಮೆ ನನ್ನ ವಯಸ್ಸೇ. ಗಂಡನ ಮನೆ ಜೇವರ್ಗಿ ತಾಲೂಕಿನ ಒಂದು ಹಳ್ಳಿ, ಘತ್ತರಗಿ ಅವಳ ತವರು; ಹಬ್ಬಕ್ಕೆಂದು ಬಂದವಳು ಮಗಳಿಗೆ ಜ್ವರ ಬಂದದ್ದರಿಂದ ಅಲ್ಲೇ ಉಳಿದಿದ್ದಳು. ಮಗುವಿಗೆ ಕೆಮ್ಮು, ಜ್ವರ, ಉಸಿರಾಟ ಜೋರು. ಏನಾಯಿತು ಎಂದು ಕೇಳಿದೆ.

"ನಾ ಶೇಂಗಾ ಚಟ್ನಿ ಹಿಂಡಿ ಕುಟ್ಟಾಕತ್ತಿದ್ನಿರಿ ಬಾಯಿ. ಈಕಿ ಹುರದ ಶೇಂಗಾ ಬಾಯಾಗ ಹಾಕ್ಕೊಂಡು ನಕ್ಕೋತ ಓಡ್ಯಾಡಾಕತ್ತಿದ್ಳು. ನೆತ್ತಿಗೇರ್ತು. ಅವತ್ತಿಂದ ಹಿಂಗೇ ಅದಾಳ."

ನೆತ್ತಿಗೇರಿತು ಎನ್ನುವ ಮಾತನ್ನು ನಾನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. ನೀರು ನೆತ್ತಿಗೇರುತ್ತದೆ, ಹಾಲು ನೆತ್ತಿಗೇರುತ್ತದೆ, ಅನ್ನ ನೆತ್ತಿಗೇರುತ್ತದೆ. ದೊಡ್ಡವರು ತಲೆ ತಟ್ಟಿ, ಯಾರೋ ನೆನೆಸಿಕೊಂಡರು ಎಂದು ನಕ್ಕು ಮರೆಯುತ್ತಾರೆ. ನಾನೂ ಹಾಗೇ ಮಾಡಿದೆ. ಮಕ್ಕಳಿಗೆ ಹಾಗೆ ಆಗುತ್ತಿರುತ್ತದೆ ಎಂದು ಹೇಳಿ, ಚೀಟಿಯಲ್ಲಿ ಜ್ವರ, ಕೆಮ್ಮು, ಎಷ್ಟು ದಿನ ಎಂದು ಬರೆದುಕೊಂಡೆ. ಶೇಂಗಾ ಬರೆಯಲಿಲ್ಲ. ಅಂಗಿ ಎತ್ತಿ ನೋಡಿದೆ, ಎಣಿಸಿದೆ, ಎದೆಗೆ ಸ್ಟೆತಾಸ್ಕೋಪು ಹಚ್ಚಿದೆ, ಬಲಗಡೆ ಕೆಳಗೆ ನ್ಯುಮೋನಿಯಾ ಎಂದು ತೀರ್ಮಾನಿಸಿದೆ. ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟೆವು. ಐದು ದಿನದಲ್ಲಿ ಜ್ವರ ಇಳಿಯಿತು, ತಾಯಿ ಮಗಳು ಘತ್ತರಗಿಗೆ ಹೋದರು. ಅವತ್ತು ನನಗೆ ಖುಷಿಯೇ ಆಗಿತ್ತು.

ಇಪ್ಪತ್ತು ದಿನಕ್ಕೆ ಮತ್ತೆ ಬಂದರು. ಅದೇ ಜ್ವರ, ಅದೇ ಬಲಗಡೆ. ಮತ್ತೆ ಇಂಜೆಕ್ಷನ್, ಮತ್ತೆ ಇಳಿಯಿತು. ಮೂರನೆಯ ಸಲ ಬಂದಾಗ ಗುಲ್ಬರ್ಗಾಕ್ಕೆ ಕಳಿಸಿ ಎಕ್ಸ್‌ರೇ ತೆಗೆಸಿದೆ. ಬಲಗಡೆ ಕೆಳಗೆ ಬೆಳ್ಳನೆಯ ಮಚ್ಚೆ. ಹಳ್ಳಿಯ ಕೂಸು, ತಿರುತಿರುಗಿ ಬರುವ ಜ್ವರ, ಇಳಿದುಹೋದ ಮೈ: ನನಗೆ ಟಿ.ಬಿ. ಎನಿಸಿತು. ಔಷಧಿ ಶುರು ಮಾಡಿ, ತಿಂಗಳುಗಟ್ಟಲೆ ಬಿಡದೆ ಕೊಡಬೇಕೆಂದು ತಾಯಿಗೆ ಗಟ್ಟಿಯಾಗಿ ಹೇಳಿದೆ. ಆಕೆ ಒಂದು ದಿನವೂ ತಪ್ಪಿಸಲಿಲ್ಲ. ಜೇವರ್ಗಿ ಕಡೆ ಗಂಡನ ಮನೆಗೆ ಹೋಗದೆ, ಔಷಧಿಗಾಗಿಯೇ ತವರಿನಲ್ಲಿ ಉಳಿದಳು. ಅಲ್ಲಿಂದ ಎರಡು ಸಲ ಕರೆ ಬಂದರೂ ಹೋಗಲಿಲ್ಲವಂತೆ.

ಆರು ವಾರ ಕಳೆದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಹೊರರೋಗಿಗಳ ಸಾಲಿನಲ್ಲಿ ಅವರನ್ನು ಕಂಡೆ. ಮಗು ಮೊದಲಿಗಿಂತ ಬಡಕಲಾಗಿತ್ತು. ನಾನು ಔಷಧಿಯ ಪ್ರಮಾಣ ಹೆಚ್ಚಿಸಲೋ ಏನೋ ಎಂದು ಯೋಚಿಸುತ್ತ ಚೀಟಿ ಎಳೆದುಕೊಂಡೆ. ಆಕೆ ಚೀಟಿಯ ಮೇಲೆ ಕೈ ಇಟ್ಟಳು. ಧ್ವನಿ ಏರಿಸಲಿಲ್ಲ.

"ಬಾಯಿ, ನಾ ಮೊದಲನೇ ದಿವಸೇ ಹೇಳೀನಿ, ನೀವು ಕೇಳಿಲ್ಲ. ಶೇಂಗಾ ಒಳಗೇ ಅದ. ದಿನಾ ಈಕಿ ಎದಿಗಿ ಕಿವಿ ಹಚ್ಚಿ ಮಲಗ್ತೇನಿ ನಾ. ಎಡಕ್ಕ ಒಂಥರಾ ಸಪ್ಪಳ, ಬಲಕ್ಕ ಒಂಥರಾ ಸಪ್ಪಳ. ಬಲಕ್ಕ ಸಣ್ಣಗ ಸೀಟಿ ಹೊಡದಂಗ ಆಗ್ತದ. ನೀವೂ ಒಂದ್ಸಲ ಕಿವಿ ಹಚ್ಚಿ ಕೇಳ್ರಿ."

ನನಗೆ ಮೊದಲು ಬಂದದ್ದು ಸಿಟ್ಟು. ಸಾಲು ಬಾಗಿಲಾಚೆಗೂ ಇತ್ತು. ಪಕ್ಕದಲ್ಲಿ ನಿಂತಿದ್ದ ಸಿಸ್ಟರ್ ಮಗುವನ್ನು ತಾಯಿಯ ಉಡಿಯಲ್ಲಿ ಸರಿಯಾಗಿ ಕೂರಿಸಿ, ಅಂಗಿ ಎತ್ತಿ ಹಿಡಿದರು. ಆ ಕೈಗಳನ್ನು ನೋಡಿ ನಾನು ಸ್ಟೆತಾಸ್ಕೋಪು ಎತ್ತಿಕೊಂಡೆ. ಎಡಗಡೆ ಕೇಳಿದೆ. ಬಲಗಡೆ ಕೇಳಿದೆ. ಮತ್ತೆ ಎಡಗಡೆ. ಇಷ್ಟು ದಿನ ನಾನು ಬಲಗಡೆ ಏನಿದೆ ಎಂದಷ್ಟೇ ಕೇಳಿದ್ದೆ. ಎರಡೂ ಕಡೆಯನ್ನು ಒಂದರ ಪಕ್ಕ ಒಂದಿಟ್ಟು ಕೇಳಿರಲಿಲ್ಲ. ಬಲಗಡೆ ಗಾಳಿ ಕಡಿಮೆ, ಉಸಿರು ಬಿಡುವಾಗ ಒಂದೇ ಒಂದು ಎಳೆಯಂಥ ಸೀಟಿ. ಆಕೆ ಹೇಳಿದ ಹಾಗೆಯೇ.

ಮೂರು ತಿಂಗಳು. ಶ್ವಾಸನಾಳದಲ್ಲಿ ಸಿಕ್ಕಿಕೊಂಡ ಕಾಳು ಉಬ್ಬಿ, ಅದರ ಹಿಂದೆ ಕಫ ಕಟ್ಟಿ, ಆ ಮಗುವಿನ ಅರ್ಧ ಎದೆಯನ್ನು ಕೆಡಿಸುತ್ತಿದ್ದಾಗ ನಾನು ಟಿ.ಬಿ. ಔಷಧಿ ಕುಡಿಸಿದ್ದೆ.

ಅದನ್ನು ಹೊರಗೆ ತೆಗೆಯುವ ಸಲಕರಣೆ, ತೆಗೆಯುವ ಕೈ ನಮ್ಮ ಸುತ್ತ ಎಲ್ಲಿದೆಯೋ ನನಗೆ ತಿಳಿದಿರಲಿಲ್ಲ. ನಾನು ಡಿಪ್ಲೊಮಾ ಮಾಡುತ್ತಿದ್ದಾಗ ಹೈದರಾಬಾದಿನಿಂದ ಒಬ್ಬ ಹಿರಿಯ ವೈದ್ಯರು ಬಂದು ಮಕ್ಕಳ ಎದೆರೋಗಗಳ ಮೇಲೆ ಒಂದು ಮಧ್ಯಾಹ್ನವಿಡೀ ಮಾತಾಡಿದ್ದರು. ಬೀದರ ಕಡೆಯಲ್ಲಿ ಬೆಳೆದವರು, ಅರ್ಧ ಇಂಗ್ಲಿಷು, ಅರ್ಧ ನಮ್ಮ ಕಡೆಯ ಕನ್ನಡ. ಅವರ ನೆನಪಾಯಿತು. ಅವರಿಗೊಂದು ಪತ್ರ ಬರೆದುಕೊಡುತ್ತೇನೆ, ನೀನು ನಿನ್ನ ಗಂಡ ಕೂಡಿ ಹೋಗಿ ಎಂದು ಆಕೆಗೆ ಹೇಳಿದೆ. ಆಕೆ ಕೇಳಿದಳು.

"ನೀವು ಬರ್ತೀರೇನ್ರಿ ಬಾಯಿ? ಇಲ್ಲೇ ನನ್ನ ಮಾತು ಮೂರು ತಿಂಗಳ ಮ್ಯಾಲ ತಿಳೀತು. ಅಲ್ಲಿ ಯಾರು ಕೇಳ್ತಾರ?"

ಅದು ಚುಚ್ಚುಮಾತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೇಳಿದ ಪ್ರಶ್ನೆ. ನಾನು ರಜೆ ಹಾಕಿದೆ. ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದೆ, ನನ್ನ ತಪ್ಪನ್ನೂ ಮುಚ್ಚಿಡಲಿಲ್ಲ. ಅವರು ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟರು, ಮೂವರಿಗೆ ಸಾಕಾಗುವಷ್ಟು. ಮಾರನೆಯ ದಿನ ಬೆಳಿಗ್ಗೆ ಆಕೆ, ಮಗಳನ್ನು ನೋಡಲು ಅದೇ ವಾರ ಘತ್ತರಗಿಗೆ ಬಂದಿದ್ದ ಆಕೆಯ ಗಂಡ, ಮಗು, ನಾನು ಗುಲ್ಬರ್ಗಾಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ರೈಲು ಹತ್ತಿದೆವು. ವಾಡಿ ಜಂಕ್ಷನ್ ದಾಟಿದೆವು. ಆಮೇಲೆ ಮಗು ನನ್ನ ಗಡಿಯಾರ ಕೇಳಿತು, ಬಿಚ್ಚಿ ಕೊಟ್ಟೆ. ಹೈದರಾಬಾದು ಬರುವವರೆಗೆ ಅದನ್ನು ಹಿಡಿದುಕೊಂಡೇ ನನ್ನ ತೊಡೆಯ ಮೇಲೆ ಮಲಗಿತು. ಆಗ ನಾನು ಆಕೆಯ ಕಡೆ ತಿರುಗಿ, ನನ್ನದು ತಪ್ಪಾಯಿತು ಎಂದೆ. ಆಕೆ ರೊಟ್ಟಿಯ ಗಂಟು ಬಿಚ್ಚಿ ಮೊದಲ ರೊಟ್ಟಿ ನನ್ನ ಕೈಗೆ ಕೊಟ್ಟಳು.

ಆಸ್ಪತ್ರೆಯಲ್ಲಿ ಆ ಹಿರಿಯ ವೈದ್ಯರನ್ನು ಹುಡುಕಿಕೊಂಡು ಹೋದಾಗ ಅವರು ವಾರ್ಡಿನ ಕಿಟಕಿಯ ಹತ್ತಿರ ಒಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಬಂದಿದ್ದ ವರದಿಯನ್ನು ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದರು.

"ಅದು ಇರಲಿ ಬೇಟಾ. ಮೊದಲನೇ ದಿನ ತಾಯಿ ಏನಂದ್ಳು?"

ನಾನು ಹೇಳಿದೆ. ಶೇಂಗಾ ನೆತ್ತಿಗೇರಿತು ಎಂದಳು, ನಾನು ಬರೆದುಕೊಳ್ಳಲಿಲ್ಲ ಎಂದೆ. ಅಷ್ಟು ಜನರ ಮುಂದೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ತಾಯಿಯನ್ನು ಕೂರಿಸಿಕೊಂಡು ಮತ್ತೆ ಮೊದಲಿನಿಂದ ಹೇಳಿಸಿದರು. ಶೇಂಗಾ ಇಡಿಯಾಗಿತ್ತೋ, ಬೇಳೆಯಾಗಿತ್ತೋ, ಎಷ್ಟು ಹೊತ್ತು ಕೆಮ್ಮಿದಳು, ಮುಖ ನೀಲಿಯಾಗಿತ್ತೋ, ಆಮೇಲೆ ಆಟ ಆಡಿದಳೋ, ಎಲ್ಲ ಕೇಳಿದರು. ಆಕೆಗೆ ಪ್ರತಿಯೊಂದೂ ನೆನಪಿತ್ತು. ಆ ಹೊತ್ತು ಒಲೆಯ ಮೇಲೆ ಏನಿತ್ತು ಎನ್ನುವುದೂ ನೆನಪಿತ್ತು. ಮೂರು ತಿಂಗಳು ನನ್ನ ಎದುರಿಗೆ ಬಂದು ಕೂತವಳಲ್ಲಿ ಇಷ್ಟೆಲ್ಲ ಇತ್ತು, ಯಾರಾದರೂ ಕೇಳಬೇಕಾಗಿತ್ತು ಅಷ್ಟೆ.

ಆಮೇಲೆ ಅವರು ಇನ್ನೊಂದು ಎಕ್ಸ್‌ರೇ ತೆಗೆಸಿದರು, ಮಗು ಉಸಿರು ಬಿಡುವ ಗಳಿಗೆಯಲ್ಲಿ. ಎಡಗಡೆಯ ಶ್ವಾಸಕೋಶ ಕುಗ್ಗಿತ್ತು. ಬಲಗಡೆಯದು ಕುಗ್ಗಿರಲಿಲ್ಲ, ಒಳಗೆ ಹೋದ ಗಾಳಿಗೆ ಹೊರಬರಲು ದಾರಿ ಇರಲಿಲ್ಲ. ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದು ಮಾಡಿದ ಅನಾಹುತ ಕಾಣುತ್ತದೆ ಎಂದು ನನಗೆ ತೋರಿಸಿದರು.

ಮಾರನೆಯ ದಿನ ಬೆಳಿಗ್ಗೆ ಆಪರೇಷನ್ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋದರು. ಮಗುವಿಗೆ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ದೀಪವಿರುವ ಒಂದು ಸಣ್ಣ ಲೋಹದ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿದರು. ಅದಕ್ಕೆ ಬ್ರಾಂಕೋಸ್ಕೋಪ್ ಎನ್ನುತ್ತಾರೆ. ಅವರ ಕೈ ಬಹಳ ನಿಧಾನವಾಗಿ ಚಲಿಸುತ್ತಿತ್ತು. ಒಂದು ಗಳಿಗೆ ಸರಿದು ನನಗೂ ನೋಡಲು ಹೇಳಿದರು. ಕೆಂಪಗೆ ಉಬ್ಬಿದ ಗೋಡೆಗಳ ನಡುವೆ ಕಂದು ಬಣ್ಣದ್ದೊಂದು ಕಂಡಿತು. ಉದ್ದನೆಯ ಇಕ್ಕಳದಿಂದ ಅದನ್ನು ಹಿಡಿದಾಗ ಎರಡು ಚೂರಾಯಿತು. ಒಂದೊಂದಾಗಿ ಎಳೆದು ತೆಗೆದರು. ಅದರ ಹಿಂದೆ ಕಟ್ಟಿದ್ದ ಕೀವು ಬಂತು. ಎಲ್ಲ ಹೀರಿ ತೆಗೆದ ಮೇಲೆ ಅವರು ಸ್ಟೆತಾಸ್ಕೋಪನ್ನು ನನ್ನ ಕಿವಿಗೆ ಕೊಟ್ಟು ಮಗುವಿನ ಬಲಗಡೆಗೆ ಹಚ್ಚಿದರು. ಗಾಳಿ ಒಳಗೆ ಹೋಗುತ್ತಿತ್ತು. ಅಷ್ಟು ದಿನ ಬಾಗಿಲು ಹಾಕಿದ್ದ ಕೋಣೆಗೆ ಗಾಳಿ ಹೋಗುವ ಸದ್ದು ಅದು. ನನ್ನ ಕಣ್ಣಲ್ಲಿ ನೀರು ಬಂತು, ಮಾಸ್ಕಿನ ಮೇಲೆ ಇಳಿಯಿತು. ಯಾರೂ ನೋಡಲಿಲ್ಲ ಎಂದುಕೊಂಡಿದ್ದೇನೆ.

ಎಂಟು ದಿನ ಅಲ್ಲಿದ್ದೆವು. ಮಗು ಮೂರನೆಯ ದಿನ ಅನ್ನ ಕೇಳಿತು. ಹೊರಡುವ ಹಿಂದಿನ ಮಧ್ಯಾಹ್ನ ಆ ವೈದ್ಯರು ನನ್ನನ್ನು ತಮ್ಮ ಕೋಣೆಗೆ ಕರೆದರು. ನಿಮ್ಮ ಕಡೆಯಿಂದ ಇಂಥ ಮಕ್ಕಳು ವರ್ಷಕ್ಕೆ ಎಷ್ಟೋ ಬರುತ್ತಾರೆ, ಎಲ್ಲರೂ ತಡವಾಗಿಯೇ ಬರುತ್ತಾರೆ, ಅಲ್ಲಿ ಇದನ್ನು ಗುರುತಿಸುವವರು ಒಬ್ಬರಾದರೂ ಬೇಕು ಎಂದರು. ಒಂದು ವರ್ಷ ತಮ್ಮ ವಿಭಾಗದಲ್ಲಿ ಬಂದು ಕಲಿಯುವಂತೆ ಹೇಳಿದರು. ಅದಕ್ಕೆ ಆಗ ಪದವಿ ಇರಲಿಲ್ಲ, ಕೊನೆಯಲ್ಲಿ ಗೋಡೆಗೆ ಹಾಕಿಕೊಳ್ಳುವ ಕಾಗದವೂ ಸಿಗುವ ಹಾಗಿರಲಿಲ್ಲ. ಮೂರು ತಿಂಗಳು ತಪ್ಪಿದವಳನ್ನು ಯಾಕೆ ಕರೆಯುತ್ತೀರಿ ಎಂದು ಕೇಳಿದೆ. ತಪ್ಪಿದವರು ಬಹಳ ಜನ, ಮಗುವಿನ ಜೊತೆ ಬಂದವರು ನೀನೊಬ್ಬಳೇ ಎಂದರು.

ಅಫಜಲಪುರಕ್ಕೆ ಮರಳಿ ಈ ಮಾತನ್ನು ಅತ್ತೆಯ ಮುಂದೆ ಹೇಳಿದ್ದು ಸುಮ್ಮನೆ, ಆಗಲಾರದ ಒಂದು ಸಂಗತಿಯೆಂದು. ಮಗಳಿಗೆ ಆಗ ಎರಡು ವರ್ಷ. ಮಕ್ಕಳಿಗೆ ತಾಯಿ ಬೇಕಾದ ವಯಸ್ಸು ಎಂದು ನಾನೇ ದಿನಾ ಬೇರೆಯವರಿಗೆ ಬೋಧಿಸುತ್ತಿದ್ದೆ. ಅತ್ತೆ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ನೀ ಹೋಗಿ ಬಾ ಯವ್ವಾ. ಹುಡುಗಿ ನನ್ನ ಬಲ್ಲಿ ಇರ್ತಾಳ. ನಿನ್ನ ಗಂಡಗ ನಾ ಹೇಳ್ತೇನಿ."

ಅವರು ಶಾಲೆಗೆ ಹೋದವರಲ್ಲ. ಅವರ ಮೊದಲ ಇಬ್ಬರು ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಎದೆ ಕಟ್ಟಿ ಹೋಗಿದ್ದರು ಎನ್ನುವುದು ನನಗೆ ಗೊತ್ತಾದದ್ದು ಅವತ್ತು ಸಂಜೆ. ಆ ಮಾತನ್ನು ಅವರು ಹೇಳಿದ್ದೂ ಒಂದೇ ಸಲ, ಮೊಮ್ಮಗಳಿಗೆ ಹಾಲು ಕುಡಿಸುತ್ತ. ಮಕ್ಕಳನ್ನು ಎತ್ತಿಕೊಂಡು ಹೋಗಲು ಆಗ ಅವರಿಗೆ ಯಾವ ದವಾಖಾನೆಯೂ ಹತ್ತಿರವಿರಲಿಲ್ಲ. ಅವರು ಮಗಳನ್ನು ಕರೆದುಕೊಂಡು ಆಳಂದಕ್ಕೆ ಹೋದರು, ನಾನು ಒಂದು ವರ್ಷದ ರಜೆ ಪಡೆದು ಹೈದರಾಬಾದಿಗೆ ಹೋದೆ.

ಆ ವರ್ಷದ ಮೊದಲ ತಿಂಗಳುಗಳು ಕಷ್ಟದವು. ಗುರುಗಳ ನಿಯಮ ವಿಚಿತ್ರವಾಗಿತ್ತು. ರೋಗಿಯ ಹಾಳೆಯ ಮೊದಲ ಸಾಲು ತಾಯಿಯ ಮಾತಿನಲ್ಲೇ ಇರಬೇಕು, ಆಕೆಯ ಭಾಷೆಯಲ್ಲಿ, ಆಕೆ ಹೇಳಿದ ಹಾಗೆ. ಉರ್ದುವೋ ತೆಲುಗೋ ಕನ್ನಡವೋ, ಡಾಕ್ಟರರ ಭಾಷೆಗೆ ತಿರುಗಿಸಿ ಬರೆದರೆ ಹಾಳೆ ಹರಿದು ಮತ್ತೆ ಬರೆಸುತ್ತಿದ್ದರು. ನನ್ನ ಜೊತೆಯ ಎಳೆಯ ಡಾಕ್ಟರರು ಇದಕ್ಕೆ ಹಿಂದಿನಿಂದ ನಗುತ್ತಿದ್ದರು. ನಾನು ನಗಲಿಲ್ಲ. ಉರ್ದು ನನಗೆ ಗುಲ್ಬರ್ಗಾದ ಓಣಿಗಳಿಂದ ಬಂದಿತ್ತು, ತೆಲುಗನ್ನು ಅಲ್ಲಿನ ಆಯಾಗಳಿಂದ ಕಲಿತೆ. ಒಬ್ಬ ತಾಯಿ ನನ್ನ ಮಗ ನಕ್ಕರೆ ಕೆಮ್ಮುತ್ತಾನೆ ಎಂದಳು. ಇನ್ನೊಬ್ಬಳು ನನ್ನ ಮಗಳು ಓಡುವುದನ್ನು ತಾನೇ ಬಿಟ್ಟುಬಿಟ್ಟಿದ್ದಾಳೆ ಎಂದಳು. ಇಬ್ಬರು ಮಕ್ಕಳಿಗೂ ಇದ್ದದ್ದು ದಮ್ಮು, ಅಂದರೆ ಅಸ್ತಮಾ. ದಮ್ಮು ಎಂದರೆ ಮುದುಕರ ಕಾಯಿಲೆ ಎಂದು ನಮ್ಮ ಕಡೆ ನಂಬಿದ್ದರು. ನಾನೂ ಸಣ್ಣ ಮಕ್ಕಳಲ್ಲಿ ಅದನ್ನು ಎಷ್ಟೋ ಸಲ ಬರೀ ನೆಗಡಿ ಎಂದು ಕಳಿಸಿದ್ದೆನೆಂದು ಅಲ್ಲಿ ತಿಳಿಯಿತು.

ಇನ್ಹೇಲರನ್ನು ಸಣ್ಣ ಮಕ್ಕಳು ಸರಿಯಾಗಿ ಎಳೆದುಕೊಳ್ಳಲಾರರು. ಕಾಗದದ ಲೋಟದ ತಳಕ್ಕೆ ತೂತು ಮಾಡಿ, ಅದರಲ್ಲಿ ಇನ್ಹೇಲರ್ ಸಿಕ್ಕಿಸಿ, ಲೋಟದ ಬಾಯಿಯನ್ನು ಮಗುವಿನ ಮೂಗು ಬಾಯಿ ಮುಚ್ಚುವಂತೆ ಹಿಡಿಯುವುದನ್ನು ಕಲಿಸಿದರು. ಕಫ ತುಂಬಿದ ಮಗುವನ್ನು ಯಾವ ಮಗ್ಗುಲಿಗೆ ಮಲಗಿಸಿ ಎಲ್ಲಿ ತಟ್ಟಿದರೆ ಕಫ ಇಳಿಯುತ್ತದೆ ಎಂದು ಕಲಿತೆ. ಆರನೆಯ ತಿಂಗಳಲ್ಲಿ ಬ್ರಾಂಕೋಸ್ಕೋಪು ನನ್ನ ಕೈಗೆ ಕೊಟ್ಟರು, ಅವರ ಕೈ ನನ್ನ ಮೊಣಕೈಯ ಕೆಳಗೆ ಇತ್ತು. ವರ್ಷ ಮುಗಿಯುವ ಹೊತ್ತಿಗೆ ನಾನೇ ಕಾಳು, ಗುಂಡಿ, ಒಮ್ಮೆ ಒಂದು ಓಲೆಯ ತಿರುಪು ತೆಗೆದಿದ್ದೆ.

ತಿಂಗಳಿಗೆ ಎರಡು ಪತ್ರ ಆಳಂದದಿಂದ ಬರುತ್ತಿದ್ದವು. ಅತ್ತೆ ಹೇಳುತ್ತಿದ್ದರು, ಗಂಡ ಬರೆಯುತ್ತಿದ್ದರು. ಹೊರಡುವ ಮುಂಚೆ ಉಸಿರು ಎಣಿಸುವುದನ್ನು ಅತ್ತೆಗೆ ಕಲಿಸಿದ್ದೆ. ಒಂದು ಪತ್ರದಲ್ಲಿ ಹೀಗಿತ್ತು: "ಹುಡುಗಿಗಿ ನೆಗಡಿ ಆಗಿತ್ತು. ಉಸುರು ಎಣಿಸೀನಿ, ನೆಟ್ಟಗದ. ನೀ ಓಡಿ ಬರಬ್ಯಾಡ." ನೆಗಡಿಯಾಗಿ ವಾಸಿಯಾದ ಮೇಲೆಯೇ ಆ ಪತ್ರ ಬರೆಸಿದ್ದರೆಂದು ಆಮೇಲೆ ಗಂಡ ಹೇಳಿದರು.

ವರ್ಷ ತುಂಬಿ ಆಳಂದದ ಮನೆಯ ಬಾಗಿಲಿಗೆ ಬಂದಾಗ ಮಗಳು ಅಜ್ಜಿಯ ಸೆರಗಿನ ಹಿಂದೆ ಸರಿದಳು. ಅತ್ತೆಯನ್ನು ಅವ್ವ ಎಂದು ಕರೆಯುತ್ತಿದ್ದಳು. ನನ್ನನ್ನು ಎಷ್ಟೋ ದಿನ ಏನೂ ಕರೆಯಲಿಲ್ಲ. ಅದರಿಂದ ನೋವಾಗಲಿಲ್ಲ ಎಂದರೆ ಸುಳ್ಳು. ಅತ್ತೆ ಅದನ್ನು ನೋಡಿಯೂ ನೋಡದವರಂತೆ, ಸಣ್ಣ ಸಣ್ಣ ಕೆಲಸಗಳಿಗೆ ಅವಳನ್ನು ನನ್ನ ಹತ್ತಿರ ಕಳಿಸುತ್ತಿದ್ದರು: ಹೇಳ ಹೋಗು, ಕೇಳ ಹೋಗು, ಇದು ಕೊಟ್ಟು ಬಾ. ಮಳೆಗಾಲ ಮುಗಿಯುವುದರೊಳಗೆ ಅವಳಿಗೆ ಇಬ್ಬರು ಅವ್ವಂದಿರಾಗಿದ್ದರು. ದೊಡ್ಡವಳಾದ ಮೇಲೂ ಹಾಗೆಯೇ ಕರೆದಳು. ಆ ಮನೆಯಲ್ಲಿ ಅವ್ವಾ ಎಂದರೆ ನಾವಿಬ್ಬರೂ ಓ ಎನ್ನುತ್ತಿದ್ದೆವು.

ನನಗೆ ಜೇವರ್ಗಿಗೆ ವರ್ಗವಾಯಿತು. ಅಲ್ಲಿ ಬುಧವಾರವನ್ನು ಎದೆಯ ತೊಂದರೆ ಇರುವ ಮಕ್ಕಳಿಗೆಂದೇ ಇಟ್ಟುಕೊಂಡೆ. ಬ್ರಾಂಕೋಸ್ಕೋಪು ನಮ್ಮಲ್ಲಿ ಇರಲಿಲ್ಲ, ಬೇಕಾದವರನ್ನು ಹೈದರಾಬಾದಿಗೇ ಕಳಿಸುತ್ತಿದ್ದೆ. ಆದರೆ ಮೂರು ತಿಂಗಳ ಮೇಲಲ್ಲ, ಬಂದ ದಿನವೇ. ಗುರುಗಳು ನನ್ನ ಚೀಟಿ ನೋಡಿದರೆ ಸಾಲಿನಲ್ಲಿ ನಿಲ್ಲಿಸದೆ ಒಳಗೆ ಕರೆಯುತ್ತಿದ್ದರು ಎಂದು ಹೋಗಿ ಬಂದವರು ಹೇಳುತ್ತಿದ್ದರು. ಆ ಶೇಂಗಾದ ಹುಡುಗಿಯನ್ನು ಅವಳ ತಾಯಿ ಮೊದಲ ಎರಡು ವರ್ಷ ತಪ್ಪದೆ ಕರೆತಂದಳು. ಬಲಗಡೆಯ ಎದೆ ಮೆಲ್ಲಗೆ ತುಂಬಿಕೊಂಡಿತು. ಶಾಲೆಗೆ ಸೇರಿದ ಮೇಲೆ, ಓಟದಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಾಳೆ ಎಂದು ಆಕೆ ಹೇಳಿದಾಗ ನಾನು ಆ ಮಾತನ್ನು ಹಾಗೆಯೇ ಹಾಳೆಯಲ್ಲಿ ಬರೆದೆ.

ತೊಂಬತ್ತರ ದಶಕ ಶುರುವಾದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳ ಆರೋಗ್ಯ ಸಹಾಯಕಿಯರಿಗೆ ಮಕ್ಕಳ ನ್ಯುಮೋನಿಯಾದ ಬಗ್ಗೆ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅಫಜಲಪುರದ ಸಿಸ್ಟರ್ ಆಗ ನಿವೃತ್ತರಾಗಿದ್ದರು. ಪತ್ರ ಬರೆದೆ, ವಿಜಾಪುರದಿಂದ ಜೇವರ್ಗಿಗೆ ಬಂದು ಮೂರು ದಿನ ನಿಂತು, ಅಂಗಿ ಎತ್ತಿ ನೋಡುವುದನ್ನು ಅವರೇ ಕಲಿಸಿದರು. ಎರಡನೆಯ ದಿನಕ್ಕೆ ನಾನು ಆ ಹುಡುಗಿಯ ತಾಯಿಯನ್ನು ಕರೆಸಿದ್ದೆ. ನಡೆದದ್ದನ್ನು ನೀನೇ ಹೇಳು, ನನ್ನ ತಪ್ಪನ್ನು ಬಿಡಬೇಡ ಎಂದಿದ್ದೆ.

ಆಕೆ ಬಿಡಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಕುರ್ಚಿ ಬೇಡವೆಂದು ನಿಂತುಕೊಂಡೇ ಹೇಳಿದಳು. ಯಾವ ದಿನ ಏನು ಹೇಳಿದೆ, ಬಾಯಿ ಏನು ಅಂದರು, ಯಾವ ಔಷಧಿ ಕೊಟ್ಟರು ಎಂದು ಒಂದೊಂದೇ. ನಾನು ಪಕ್ಕದಲ್ಲಿ ಕೂತಿದ್ದೆ. ಕೇಳುವುದು ಸುಲಭವಿರಲಿಲ್ಲ. ಮುಗಿದ ಮೇಲೆ ಆಳಂದ ಕಡೆಯ ಒಬ್ಬ ಎಳೆಯ ಸಹಾಯಕಿ, ನಿಮಗೆ ಈ ಬಾಯಿಯ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದಳು.

"ಬಂದಿತ್ತವ್ವ. ಬರಲಾರದಂಗ ಹ್ಯಾಂಗಿರ್ತದ? ಮೂರು ತಿಂಗಳು ಸಿಟ್ಟಿನ್ಯಾಗೇ ಇದ್ದೆ. ಆದ್ರ ರೈಲಿನ್ಯಾಗ ನಂದು ತಪ್ಪಾತು ಅಂದ್ರು. ಡಾಕ್ಟರು ಹಂಗ ಅಂದದ್ದು ನಾ ಅದೇ ಮೊದಲ ಕೇಳಿದ್ದು. ಅದಕ್ಕ ಮೊದಲ ರೊಟ್ಟಿ ಅವರಿಗೇ ಕೊಟ್ಟೆ."

ಆಮೇಲೆ ಆಕೆ ನನ್ನ ಕಡೆ ತಿರುಗಿ, ಹೊರಗೆ ಕಟ್ಟೆಯ ಮೇಲೆ ತನ್ನ ಓಣಿಯ ಒಬ್ಬ ಹೆಣ್ಣುಮಗಳು ಕೂಸು ಎತ್ತಿಕೊಂಡು ಕೂತಿದ್ದಾಳೆ, ಅದಕ್ಕೆ ಎದೆಯಲ್ಲಿ ಗುರುಗುರು ಸದ್ದು ಬರುತ್ತದೆ, ಬುಧವಾರದವರೆಗೆ ತಡೆಯುವುದು ಬೇಡವೆಂದು ಬಸ್ಸಿನಲ್ಲಿ ಜೊತೆಗೇ ಕರೆತಂದಿದ್ದೇನೆ ಎಂದಳು. ಅದನ್ನು ಹೇಳುವಾಗ ಆಕೆಗೆ ಸಂಕೋಚವೇನೂ ಇರಲಿಲ್ಲ. ತನ್ನ ಮನೆಗೆ ಯಾರನ್ನೋ ಊಟಕ್ಕೆ ಕರೆದುಕೊಂಡು ಬಂದ ಹಾಗಿತ್ತು.

ತರಬೇತಿಗೆ ಊಟದ ಬಿಡುವು ಕೊಟ್ಟು ಆಕೆಯ ಜೊತೆ ಹೊರಗೆ ಹೋದೆ. ಆ ಹೆಣ್ಣುಮಗಳು ಇನ್ನೂ ಚಿಕ್ಕವಳು, ಮೊದಲ ಕೂಸಿನ ತಾಯಿ. ನನ್ನ ಮುಖವನ್ನೂ ಆಕೆಯ ಮುಖವನ್ನೂ ನೋಡಿದಳು. ಎಲ್ಲಾ ಹೇಳು, ಬಿಡಬ್ಯಾಡ, ಬಾಯಿ ಕೇಳ್ತಾರ ಎಂದು ಆಕೆ ಅವಳ ಭುಜ ಮುಟ್ಟಿದಳು. ನಾನು ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತೆ. ಅವಳು ಹೇಳಿ ಮುಗಿಸುವ ಹೊತ್ತಿಗೆ ಅವರ ಊರಿನ ಬಸ್ಸು ಹೋಗಿಬಿಟ್ಟಿತ್ತು. ಕೂಸಿಗೆ ಔಷಧಿ ಕೊಡಿಸಿ, ನಮ್ಮ ಜೊತೆಗೇ ಊಟ ಮಾಡಿಕೊಂಡು, ಅವರು ಮುಂದಿನ ಬಸ್ಸಿಗೆ ಹೋದರು.